ಮಾಲಕರ ಇಂಟರ್ವ್ಯೂ

ಗಜಾಲಾಳ ಬ್ಯೂಟಿ ಪಾರ್ಲರು ಮುಚ್ಚಿದ್ದಕ್ಕೆ ಅವಳ ಕೈ ಕಾರಣವಲ್ಲ, ಗಿರಾಕಿಗಳ ಬಾಯಿ ಕಾರಣ. ಬಸವಕಲ್ಯಾಣದ ತ್ರಿಪುರಾಂತ ಓಣಿಯ ಹೆಂಗಸರು ಹುಬ್ಬು ತೀಡಿಸಿಕೊಳ್ಳಲೆಂದು ಬಂದು ಕೂತರೆ ಹುಬ್ಬಿನ ಕೆಲಸ ಐದು ನಿಮಿಷ, ಮಾತಿನ ಕೆಲಸ ಒಂದು ತಾಸು. ಒಬ್ಬಳಿಗೆ ರೊಟ್ಟಿ ಬಡಿಯುವವಳು ಬೇಕು. ಮತ್ತೊಬ್ಬಳ ನಾದಿನಿಗೆ ಮನೆಗೆಲಸ ಬೇಕು. ಇನ್ನೊಬ್ಬಳ ಬಾಣಂತಿ ಮಗಳಿಗೆ ಎಣ್ಣೆ ತಿಕ್ಕುವವರು ಸಿಗುತ್ತಿಲ್ಲ. ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಗಜಾಲಾ ಇವಳನ್ನು ಅವಳಿಗೆ ಗಂಟು ಹಾಕುತ್ತಿದ್ದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಕುರ್ಚಿಯಿಂದ ಚೆಂದವಾಗಿ ಎದ್ದು ಹೋದವರಿಗಿಂತ ಕೆಲಸ ಹಿಡಿದು ಎದ್ದು ಹೋದವರೇ ಹೆಚ್ಚಾದರು.

ಕೊನೆಗೆ ಅವಳು ಕನ್ನಡಿ ಇಳಿಸಿ ಬಾಗಿಲ ಮೇಲೆ ಹೊಸ ಬೋರ್ಡು ಏರಿಸಿದಳು: ‘ಗಜಾಲಾ ಸರ್ವಿಸ್. ಅಡುಗೆಯವರು, ಆಯಾ, ಡ್ರೈವರ್, ವಾಚ್‌ಮನ್. ಎಲ್ಲ ತರಹದ ಮನುಷ್ಯರು ಸಿಗುತ್ತಾರೆ.’ ಲಾರಿ ಓಡಿಸಿಕೊಂಡು ಹೈದರಾಬಾದಿನಲ್ಲಿದ್ದ ಗಂಡ ಅಕ್ರಮ್ ಬೋರ್ಡಿನ ಫೋಟೋ ನೋಡಿ ಮೊಬೈಲಿನಲ್ಲಿ ಒಂದು ಹೆಬ್ಬೆರಳು ಕಳಿಸಿದ. ಅತ್ತೆ ಸರ್ದಾರಬಿ ಮಾತ್ರ ಅಷ್ಟಕ್ಕೇ ಬಿಡುವವಳಲ್ಲ. ನಲವತ್ತು ವರ್ಷ ಮದುವೆಮನೆಗಳಲ್ಲಿ ಬಿರಿಯಾನಿಯ ದೊಡ್ಡ ದೇಗು ಒಲೆಗೆ ಏರಿಸಿ ಇಳಿಸಿದ ಹೆಂಗಸು. ಹೊಗೆ ಕುಡಿದು ಕುಡಿದು ದನಿ ಗಂಡಸಿನದಾಗಿತ್ತು. ಬೋರ್ಡು ಓದಿಸಿಕೊಂಡು ಕೇಳಿ, “ಎಲ್ಲಾ ತರದ ಮನಷ್ಯಾರು ಸಿಗ್ತಾರಂತ ಬರದೀಯಲ್ಲ, ನಾಳಿ ಯಾವಾಕಿಯಾದ್ರೂ ಗಂಡ ಬೇಕಂತ ಬಂದ್ರ ಎಲ್ಲಿಂದ ತರ್ತಿ?” ಎಂದಳು.

ನಾಲ್ಕು ತಿಂಗಳು ಎಲ್ಲ ಸಲೀಸಾಗಿ ನಡೆಯಿತು. ಐದನೇ ತಿಂಗಳಲ್ಲಿ ಹುಮನಾಬಾದಿನಿಂದ ಶರಣಕುಮಾರನ ಫೋನು ಬಂತು. ಅಲ್ಲಿ ಅವನದು ಗೊಬ್ಬರ, ಬೀಜದ ಅಂಗಡಿ.

“ಬಾಯಾರ, ನಮ್ಮಪ್ಪ ಬಾತ್‌ರೂಮಿನ್ಯಾಗ ಜಾರಿ ಬಿದ್ದಾನ್ರಿ. ತೊಡಿ ಎಲುಬಿಗಿ ರಾಡ್ ಹಾಕ್ಯಾರ. ಎಬ್ಬಿಸಾಕ, ಕೂಡಸಾಕ, ಜರಾ ನಡಸಾಕ ಒಬ್ಬ ಗಂಡಮನಷ್ಯಾ ಬೇಕಾಗ್ಯಾನ. ಕೆಲಸ ಭಾಳ ಹಗುರ. ನಮ್ಮ ಮನಿ ಮಂದಿಯಂಗ ನೋಡ್ಕೋತೀವಿ.”

ಫೋನಿಟ್ಟ ಮೇಲೆ ಗಜಾಲಾ ಖುಷಿಯಿಂದ ಅತ್ತೆಗೆ ಹೇಳಿದರೆ ಅವಳು ಬೆಳ್ಳುಳ್ಳಿ ಬಿಡಿಸುತ್ತಲೇ, “ಮನಿ ಮಂದಿಯಂಗ ಅಂದ್ರ ಹುಷಾರ್. ಮನಿ ಮಂದಿಗಿ ಯಾರು ಪಗಾರ ಕೊಡ್ತಾರ?” ಎಂದಳು. ಗಜಾಲಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳ ಮೊಬೈಲಿನಲ್ಲಿ ಕೆಲಸದವರ ಹೆಸರುಗಳು ಅವರವರ ಗುಣದ ಸಮೇತ ಇದ್ದವು. ‘ಮೀರಾಬಾಯಿ ಮಂಠಾಳ ರೊಟ್ಟಿ ಚಲೋ ಬಾಯಿ ಜೋರು.’ ‘ವೈಜನಾಥ ದುಬಲಗುಂಡಿ ಗಟ್ಟಿ ಆಳು ನಾಚಿಕಿ.’ ‘ಖಮರುದ್ದೀನ್ ದವಾಖಾನಿ ಅನುಭವ ಗೊರಕಿ.’ ಅವಳು ಖಮರುದ್ದೀನನನ್ನು ಆರಿಸಿದಳು. ಐವತ್ತರ ಸಮಾಧಾನದ ಮನುಷ್ಯ, ರೋಗಿಗಳನ್ನು ಎತ್ತಿ ಇಳಿಸಿ ಪಳಗಿದ ಕೈ. ಸೋಮವಾರ ಹೋದವನು ಗುರುವಾರ ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ.

“ಏನಾಯ್ತು ಚಾಚಾ?”

“ಮುದುಕ ಬಿಡಿಸಿಬಿಟ್ಟ.” ಖಮರುದ್ದೀನನ ಮುಖದಲ್ಲಿ ದುಃಖದ ಗುರುತೇ ಇರಲಿಲ್ಲ. “ಆದ್ರ ಭಾಳ ಚಲೋ ಮನಷ್ಯಾ. ಚಿಟಗುಪ್ಪದಾಗ ಒಬ್ಬ ಡಾಕ್ಟರಿಗಿ ಫೋನ್ ಮಾಡಿ ನನಗ ಅಲ್ಲಿ ನೌಕರಿ ಹಚ್ಚಿ ಕೊಟ್ಟಾನ. ನಾಳಿಂದ ಹೋಗ್ತೀನಿ. ನಿನಗ ಸಲಾಂ ಹೇಳಿ ಹೋಗಬೇಕಂತ ಬಂದೆ.”

ಗಜಾಲಾ ಹಲ್ಲು ಕಚ್ಚಿ ವೈಜನಾಥನನ್ನು ಕಳಿಸಿದಳು. ಅವನು ಐದು ದಿನ ನಿಂತ. ಆರನೇ ದಿನ ಫೋನು ಮಾಡಿ, ಮುದುಕರು ತನ್ನನ್ನೂ ಬಿಡಿಸಿದ್ದಾರೆಂದೂ, ಅವರ ಮಾತಿನ ಮೇಲೆ ಒಂದು ಬೇಳೆ ಮಿಲ್ಲಿನ ಗೇಟಿನಲ್ಲಿ ಕೂರುವ ಕೆಲಸ ಸಿಕ್ಕಿದೆಯೆಂದೂ ನಾಚಿಕೊಳ್ಳುತ್ತ ಹೇಳಿದ. ಅವನ ಹಿಂದೆಯೇ ಶರಣಕುಮಾರನ ಫೋನು.

“ಏನ್ರೀ ಬಾಯಾರ, ನೀವು ಆಳು ಕಳಸಾಕತ್ತೀರೋ, ಬಸ್ಸಿನ ಪ್ಯಾಸೆಂಜರ್ ಕಳಸಾಕತ್ತೀರೋ? ಬರ್ತಾರ, ಇಳೀತಾರ, ಹೋಗ್ತಾರ!”

ಮೂರನೆಯವನು ಹೋಗಲು ಒಪ್ಪಲಿಲ್ಲ. ತನ್ನ ಹತ್ತಿರ ಕೆಲಸ ಕೇಳಿಕೊಂಡು ಬಂದವರಿಗೆ ಹಾಸಿಗೆ ಹಿಡಿದ ಮುದುಕನೊಬ್ಬ ತನಗಿಂತ ಚೆನ್ನಾಗಿ ಕೆಲಸ ಕೊಡಿಸುತ್ತಿದ್ದಾನೆ ಎಂಬುದು ಗಜಾಲಾಳ ಮೈಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಮರುದಿನ ಬುರ್ಖಾ ಏರಿಸಿ ಹುಮನಾಬಾದಿನ ಬಸ್ಸು ಹತ್ತಿದಳು. ಸಸ್ತಾಪುರ ಬಂಗ್ಲಾ ದಾಟಿ ಬಸ್ಸು ಹೈವೇಗೆ ಬೀಳುವಷ್ಟರಲ್ಲಿ ಆ ಮುದುಕನಿಗೆ ಆಡಬೇಕಾದ ಮಾತುಗಳನ್ನೆಲ್ಲ ಕನ್ನಡದಲ್ಲೊಮ್ಮೆ, ದಖನಿಯಲ್ಲೊಮ್ಮೆ ಉರು ಹೊಡೆದಿದ್ದಳು.

ಬಾಗಿಲು ತೆಗೆದವಳು ಸೊಸೆ ಅನುರಾಧಾ. ಶಾಲೆಯ ಟೀಚರು, ಸೌಮ್ಯ ಮುಖದವಳು. ಒಳಗೆ ಪಡಸಾಲೆಯ ಕಿಟಕಿಯ ಪಕ್ಕ ಮಂಚದ ಮೇಲೆ, ಬೆನ್ನಿಗೆ ಮೂರು ದಿಂಬು ಕೊಟ್ಟುಕೊಂಡು, ಕೊರಳಿಗೆ ಮಫ್ಲರ್ ಸುತ್ತಿಕೊಂಡು ಅಮೋಘಸಿದ್ದಪ್ಪ ಕೂತಿದ್ದ. ಎಪ್ಪತ್ತನಾಲ್ಕರ ಒಣಕಲು ದೇಹ, ಕಣ್ಣು ಮಾತ್ರ ನಾಲ್ಕು ಜನರಿಗಾಗುವಷ್ಟು ಚುರುಕು.

“ಗಜಾಲಾ ಸರ್ವಿಸ್ ಅಂದ್ರ ನೀನೇ ಏನವ್ವಾ?”

“ಹೌದ್ರಿ.”

“ಕೂಡು. ಮೊದಲು ಏನು ಮಾಡ್ತಿದ್ದಿ?”

“ಬ್ಯೂಟಿ ಪಾರ್ಲರ್ ಇತ್ರಿ.”

“ಯಾಕ ಬಿಟ್ಟಿ?”

ಉತ್ತರ ಹೇಳಲು ಬಾಯಿ ತೆರೆದ ಮೇಲೆ ಗಜಾಲಾಳಿಗೆ ತನ್ನದೇ ಇಂಟರ್ವ್ಯೂ ನಡೆಯುತ್ತಿದೆಯೆಂದು ಹೊಳೆಯಿತು. “ಕಾಕಾ, ಕೇಳಾಕ ಬಂದಾಕಿ ನಾನು. ನನ್ನ ಮಂದಿಯೊಳಗ ಏನು ಹುಳುಕು ಕಂಡು ಓಡಿಸಿದ್ರಿ?”

“ಹುಳುಕು ಇದ್ದಿದ್ರ ಇಟ್ಕೋತಿದ್ದೆ. ಇಬ್ಬರೂ ಚಲೋ ಮಂದಿ. ಅದಕ್ಕೇ ಕಳಿಸಿದೆ.” ಮುದುಕ ಮಫ್ಲರ್ ಸರಿಪಡಿಸಿಕೊಂಡ. “ನಿನ್ನ ಖಮರುದ್ದೀನ್ ಬಂದ ದಿವಸ ಅಂಗಡ್ಯಾಗ ಯೂರಿಯಾ ಗಾಡಿ ಬಂದಿತ್ತು. ಮುಂಜಾನಿಂದ ಸಂಜಿತನ ಚೀಲ ಹೊತ್ತ. ಮರುದಿನ ಕಾರ್ ತೊಳದ, ಟಾಕಿ ತೊಳದ. ನನ್ನ ಹಂತ್ಯಾಕ ಬಂದಾಂವ ಕುರ್ಚಿಮ್ಯಾಲ ಕುಂತಲ್ಲೇ ಗೊರಕಿ ಹೊಡದ. ಪಾಪ, ನನ್ನ ಚಾದರ ನಾನೇ ಅವನ ಮೈಮ್ಯಾಲ ಒಗದೆ. ಪೇಶಂಟ್ ಯಾರು, ಆಯಾ ಯಾರು ಅಂತ ನನಗೇ ಕನ್‌ಫ್ಯೂಸ್ ಆಗಿತ್ತು. ವೈಜನಾಥನ ಕಥಿನೂ ಅದೇ. ಅಂವ ನಾಚಿಕಿ ಮನಷ್ಯಾ, ಒಲ್ಲೆ ಅನ್ನಾಂವಲ್ಲ, ಸತ್ತೇ ಹೋಗ್ತಿದ್ದ.”

ಗಜಾಲಾ ಉರು ಹೊಡೆದು ತಂದ ಮಾತುಗಳೆಲ್ಲ ಎತ್ತಲೋ ಇಳಿದು ಹೋದವು.

“ನಿನ್ನ ಫಾರ್ಮ್ ನೋಡೀನಿ,” ಎಂದ ಅಮೋಘಸಿದ್ದಪ್ಪ. “ಖಮರುದ್ದೀನ್ ತೋರಿಸಿದ. ಕೆಲಸದಾಂವ ಕುಡಿತಾನೇನು, ಕಳವು ಮಾಡ್ತಾನೇನು, ಮೈಯಾಗ ರೋಗ ಅದ ಏನು, ಎಲ್ಲಾ ಕೇಳೀದಿ. ಮಾಲಕಂದು ಏನು ಕೇಳೀದಿ?”

“ಹೆಸರು. ಫೋನ್ ನಂಬರ್.”

“ಅಂವ ಕುಡಿಯಾಂಗಿಲ್ಲ ಅಂತ ನಿನಗ ಯಾರು ಹೇಳ್ಯಾರ?”

ಅಷ್ಟರಲ್ಲಿ ಶರಣಕುಮಾರ ಊಟಕ್ಕೆಂದು ಮನೆಗೆ ಬಂದ. ದುಂಡಗಿನ, ಅವಸರದ ಮನುಷ್ಯ. ಗಜಾಲಾ ಎದ್ದು ನಿಂತೇ ಕೇಳಿದಳು, “ಸೌಕಾರ, ಹಗುರ ಕೆಲಸ ಅಂದಿದ್ರಿ. ಯೂರಿಯಾ ಚೀಲ ಯಾವಾಗ ಹಗುರ ಆದ್ವು?”

“ಅಲ್ರೀ, ಅಪ್ಪಗ ಎಬ್ಬಸೋದು ಕೂಡಸೋದು ದಿನಕ್ಕ ಎರಡು ತಾಸಿನ ಕೆಲಸ. ಉಳದ ಹೊತ್ತು ಅಂವ ಸುಮ್ಮ ಕುಂತು ಏನು ಮಾಡ್ತಾನ? ಮನಷ್ಯಾ ಅಂದಮ್ಯಾಲ ಕೈ ಆಡಿಸಬೇಕು.”

“ಹಂಗಾರ ನೀನೂ ಗಲ್ಲಾದ ಮ್ಯಾಲಿಂದ ಎದ್ದು ಬಂದು ಅಪ್ಪನ ಉಚ್ಚಿ ಬಾಟ್ಲಿ ತೊಳಿ,” ಎಂದ ಮುದುಕ ಮಂಚದಿಂದಲೇ. “ಭಾಳ ಚಲೋ ಕೈ ಆಡ್ತಾವ.”

ಅಡುಗೆಮನೆಯ ಬಾಗಿಲಲ್ಲಿ ನಿಂತ ಅನುರಾಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಜಾಲಾಳಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಚಹಾ ಕುಡಿಯುತ್ತ ಅವಳಿಗೆ ಮುದುಕನ ಪೂರ್ವಾಪರ ಗೊತ್ತಾಯಿತು: ಒಂದು ಸಕ್ಕರೆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ಗುಮಾಸ್ತ. ಪ್ರತಿ ಸೀಜನ್ನಿಗೆ ನೂರಾರು ಕೂಲಿಗಳನ್ನು ನೋಡಿ, ಆರಿಸಿ, ಯಂತ್ರಕ್ಕೆ ಯಾರು, ಗೇಟಿಗೆ ಯಾರು ಎಂದು ಹಂಚಿದವನು. ರಿಟೈರಾಗಿ ಹದಿನಾರು ವರ್ಷದಿಂದ ಯಾರೂ ಅವನನ್ನು ಏನೂ ಕೇಳಿರಲಿಲ್ಲ, ಊಟ ಆಯಿತೇ ಎಂಬುದೊಂದನ್ನು ಬಿಟ್ಟು.

ಗಜಾಲಾ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದ ಮಾತಲ್ಲ ಅದು. ಬಾಯಿಗೆ ಬಂತು, ಆಡಿಬಿಟ್ಟಳು. “ಕಾಕಾ, ನನ್ನ ಹಂತ್ಯಾಕ ಕೆಲಸ ಮಾಡ್ತೀರೇನು? ಇಲ್ಲೇ ಕುಂತು, ಫೋನಿನ ಮ್ಯಾಲ. ಮಾಲಕರ ಜೋಡಿ ಮಾತಾಡೋದು.”

ಶರಣಕುಮಾರ ಗಟ್ಟಿಯಾಗಿ ನಕ್ಕ. ಅಮೋಘಸಿದ್ದಪ್ಪ ನಗಲಿಲ್ಲ. ಕನ್ನಡಕ ತೆಗೆದು ಮಫ್ಲರಿನ ತುದಿಗೆ ಒರೆಸಿ ಮತ್ತೆ ಹಾಕಿಕೊಂಡ. ಕೆಲಸದ ವೇಳೆ ಎಷ್ಟು, ವಾರದ ರಜೆ ಯಾವಾಗ, ಫೋನಿನ ಕರೆನ್ಸಿ ಯಾರು ಹಾಕಿಸಬೇಕು, ಪಗಾರ ಎಷ್ಟು ಎಂದು ಒಂದೊಂದಾಗಿ ಕೇಳಿದ. ಪಗಾರ ಕೇಳಿ, “ಇದ್ರಾಗ ತಂಬಾಕಿನ ಖರ್ಚೂ ನೀಗಾಂಗಿಲ್ಲ,” ಎಂದು ಗೊಣಗಿದ. ಆಮೇಲೆ ಮಗನ ಕಡೆ ತಿರುಗಿದ.

“ಇವತ್ತಿಂದ ಡ್ಯೂಟಿ ಮ್ಯಾಲ ಇದ್ದೀನಿ. ಹೆಸರು ಹೇಳು.”

“ಯಾರ ಹೆಸರು?”

“ನಿಂದು. ಆಳು ಬೇಕಾಗ್ಯಾನ ಅಂದ್ಯಲ್ಲ?”

ಆ ಮಧ್ಯಾಹ್ನ ಶರಣಕುಮಾರ ಸ್ವಂತ ಅಪ್ಪನ ಮುಂದೆ ಅರ್ಧ ತಾಸು ನಿಂತು ಉತ್ತರ ಕೊಟ್ಟ. ಕೂಡು ಎಂದು ಅಪ್ಪ ಹೇಳಲಿಲ್ಲ. ಕೊನೆಗೆ, ಬರುವ ಆಳು ಮುದುಕನ ಕೆಲಸ ಬಿಟ್ಟು ಬೇರೆ ಯಾವುದಕ್ಕೂ ಕೈ ಹಚ್ಚತಕ್ಕದ್ದಲ್ಲ, ಮಧ್ಯಾಹ್ನ ಒಂದು ತಾಸು ಮಲಗತಕ್ಕದ್ದು ಎಂದು ಅನುರಾಧಾ ದುಂಡಗಿನ ಅಕ್ಷರದಲ್ಲಿ ಬರೆದಳು, ಅವನು ಸಹಿ ಹಾಕಿದ. ಬೇಳೆ ಮಿಲ್ಲಿನ ಧೂಳಿಗೆ ಕೆಮ್ಮು ಹಿಡಿಸಿಕೊಂಡಿದ್ದ ವೈಜನಾಥ ಕೇಳಿದ ಕೂಡಲೇ ವಾಪಸು ಬಂದ.

ಗಜಾಲಾ ಗೆದ್ದೆನೆಂದುಕೊಂಡು ಮನೆಗೆ ಬಂದಳು. ಒಂದೇ ವಾರದಲ್ಲಿ ಆ ಗೆಲುವಿನ ರುಚಿ ಗೊತ್ತಾಯಿತು. ಗಿರಾಕಿ ಫೋನು ಮಾಡಿದರೆ ಅವಳು ಹುಮನಾಬಾದಿಗೆ ಜೋಡಿಸುತ್ತಿದ್ದಳು, ಅಲ್ಲಿಂದ ಅಮೋಘಸಿದ್ದಪ್ಪನ ದನಿ ಬರುತ್ತಿತ್ತು. “ನಮಸ್ಕಾರ್ರಿ. ಇದಕ್ಕಿಂತ ಮೊದಲು ನಿಮ್ಮ ಮನ್ಯಾಗ ಎಷ್ಟು ಮಂದಿ ಕೆಲಸ ಬಿಟ್ಟಾರ? ಯಾಕ ಬಿಟ್ರು? ನೀವು ಹೇಳೋದು ಬಿಡ್ರಿ, ಅವರು ಏನು ಹೇಳಿದ್ರು?” ಇನ್ನೊಬ್ಬರಿಗೆ, “ಒಳಚಡ್ಡಿ ಯಾರು ಒಗೀತಾರ್ರಿ? ನಾಚಿಕಿ ಪಡಬ್ಯಾಡ್ರಿ, ಒಗಿಯಾಕಿಗಿ ಇರದ ನಾಚಿಕಿ ನಿಮಗ್ಯಾಕ?” ಬಿರಿಯಾನಿ ಮಾಡುವವಳು ಬೇಕೆಂದ ಅತಿಯಾ ಬೇಗಂಗೆ, “ಮಾಡಿದಾಕಿ ಉಣ್ಣಬಹುದೋ, ಬರೀ ವಾಸನಿ ತಗೋಬೇಕೋ?” ಎಲ್ಲರಿಗೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: “ಕೆಲಸದವರಿಗಿ ಚಾ ಯಾವ ಕಪ್ಪಿನ್ಯಾಗ ಕೊಡ್ತೀರಿ?”

ಮೊದಲ ವಾರ ಏಳು ಜನ ಫೋನು ಕತ್ತರಿಸಿದರು. ಆಫೀಸಿನಲ್ಲಿ ನೊಣ ಕೂಡ ಬೇಸರವಾಗಿ ಹೊರಗೆ ಹೋಯಿತು. “ಬೋರ್ಡ್ ಬದಲಿ ಮಾಡು,” ಎಂದಳು ಸರ್ದಾರಬಿ. “ಇಲ್ಲಿ ಸೌಕಾರರ ಮಾನ ತೆಗೆದು ಕೊಡಲಾಗುತ್ತದೆ ಅಂತ ಬರಸು.” ಗಜಾಲಾ ಎರಡು ಸಲ ಮುದುಕನಿಗೆ ಸ್ವಲ್ಪ ಮೆತ್ತಗೆ ಕೇಳಿ ಎಂದು ಹೇಳಲು ಫೋನು ಎತ್ತಿದಳು. ಎರಡೂ ಸಲ, ಚಾದರ ಹೊದ್ದು ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿರುವ ಖಮರುದ್ದೀನ್ ಕಣ್ಣ ಮುಂದೆ ಬಂದ. ಇಟ್ಟುಬಿಟ್ಟಳು.

ಆದರೆ ಸುದ್ದಿಗೆ ಎರಡು ಕಾಲು. ಗಜಾಲಾಳ ಆಫೀಸಿನಲ್ಲಿ ಸೌಕಾರರನ್ನು ನಿಲ್ಲಿಸಿ ಕೇಳುತ್ತಾರಂತೆ ಎಂಬುದು ಮಂಠಾಳಕ್ಕೂ ಹೋಯಿತು, ದುಬಲಗುಂಡಿಗೂ ಹೋಯಿತು. ಮನೆಗೆಲಸಕ್ಕೆ ಎಂದೂ ಕಾಲಿಡದಿದ್ದ ಹೆಂಗಸರು ಬಂದು ಬೆಂಚಿನ ಮೇಲೆ ಕೂತರು. ಒಂದೂವರೆ ತಿಂಗಳಲ್ಲಿ ಊರಿನ ಒಳ್ಳೆಯ ಕೈಗಳೆಲ್ಲ ಆ ಒಂದು ಕೋಣೆಯಲ್ಲಿ ಸೇರಿದವು. ಫೋನು ಕತ್ತರಿಸಿದ ಸೌಕಾರರು ಗಂಟಲು ಸರಿಪಡಿಸಿಕೊಂಡು ಮತ್ತೆ ಫೋನು ಮಾಡತೊಡಗಿದರು.

ಮತ್ತೆ ಮಾಡದವನೆಂದರೆ ಬಕ್ಕಪ್ಪ. ಬಸವಕಲ್ಯಾಣದಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟಿದ್ದ ಈತ ಇಪ್ಪತ್ತೆರಡು ವರ್ಷದಿಂದ ಕಾಯಕದ ಮೇಲೆ ಭಾಷಣ ಮಾಡುತ್ತಿದ್ದ. ದುಡಿಯುವ ಕೈಯೇ ದೊಡ್ಡದು ಎಂಬ ಮಾತಿಗೆ ಬಂದಾಗ ಅವನ ಗಂಟಲು ತಪ್ಪದೆ ಬಿಗಿಯುತ್ತಿತ್ತು, ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನ ಹೆಂಡತಿ ಕಸ್ತೂರಿಬಾಯಿಗೆ ಎರಡೂ ಮೊಣಕಾಲಿನ ಆಪರೇಷನ್ ಆಗಿತ್ತು. ಮೊದಲ ಸಲ ಫೋನು ಮಾಡಿದಾಗ ಅವನಿಗೂ ಕಪ್ಪಿನ ಪ್ರಶ್ನೆ ಎದುರಾಯಿತು.

“ಅದೆಂಥ ಪ್ರಶ್ನಿರಿ? ನಾವು ಎಲ್ಲಾರಿಗಿ ಸಮಾನ ನೋಡೋ ಮಂದಿ. ನಾನು ಕಾಯಕದ ಮ್ಯಾಲ ಭಾಷಣ ಮಾಡಾಂವ.”

“ಭಾಷಣ ಮಾಡ್ರಿ. ಚಾ ಯಾವುದ್ರಾಗ ಕೊಡ್ತೀರಿ?”

ಬಕ್ಕಪ್ಪ ಫೋನಿಟ್ಟು, ಇಸ್ತ್ರಿ ಮಾಡಿದ ಬಿಳಿ ಜುಬ್ಬಾದಲ್ಲಿ ನೇರ ಆಫೀಸಿಗೇ ಬಂದ. ಬೆಂಚಿನ ಮೇಲಿದ್ದ ಹೆಂಗಸರು ತಟಕ್ಕನೆ ಎದ್ದು ನಿಂತರು. “ಈ ಖೋಲಿ ಮಾಲಕ ನನಗ ಗೊತ್ತಿದ್ದಾಂವ. ಒಂದು ಮಾತು ಹೇಳಿದೆ ಅಂದ್ರ ನಾಳಿ ನಿನ್ನ ಬೋರ್ಡ್ ಗಟಾರದಾಗ ಇರ್ತದ,” ಎಂದ.

ಬೋರ್ಡಿನ ಮಾತು ಅವನು ಸುಮ್ಮನೆ ಆಡಿದ್ದಲ್ಲ ಎಂದು ಗಜಾಲಾಳಿಗೆ ಗೊತ್ತಿತ್ತು. ಬೆಂಚಿನ ಹೆಂಗಸರು ಅವಳ ಬಾಯಿಯನ್ನೇ ನೋಡುತ್ತಿದ್ದರು. “ಸೌಕಾರ,” ಎಂದಳು, “ನಿಮಗ ಮನಷ್ಯಾರು ಬೇಕಾಗ್ಯಾರ. ನನಗ ಉತ್ತರ ಬೇಕಾಗ್ಯಾದ. ಬೋರ್ಡ್ ಗಟಾರದಾಗ ಹಾಕಿದ್ರ ಎರಡೂ ಸಿಗಾಂಗಿಲ್ಲ.”

ಬಕ್ಕಪ್ಪ ಜುಬ್ಬಾ ಝಾಡಿಸಿಕೊಂಡು ಹೋದ. ಮುಂದಿನ ಎರಡು ವಾರದಲ್ಲಿ ಅವನು ಅಲ್ಲಿಲ್ಲಿಂದ ಹಿಡಿದು ತಂದ ಇಬ್ಬರು ಹೆಂಗಸರು ಕೆಲಸ ಬಿಟ್ಟು ಓಡಿದರು. ಎರಡನೆಯವಳು ಓಡಿದ ಆರನೇ ದಿನ ಮಧ್ಯಾಹ್ನ, ಗಂಡ ಅಂಗಡಿಯಲ್ಲಿದ್ದಾಗ, ಕಸ್ತೂರಿಬಾಯಿ ತಾನೇ ಫೋನು ಮಾಡಿದಳು. ಗಜಾಲಾ ಹುಮನಾಬಾದಿಗೆ ಜೋಡಿಸಿ, ತಾನೂ ಕಿವಿ ಕೊಟ್ಟಳು.

“ಕಪ್ಪಿನ ಪ್ರಶ್ನಿ ನನಗ ಗೊತ್ತದರಿ,” ಎಂದಳು ಕಸ್ತೂರಿಬಾಯಿ ಮೊದಲೇ. “ಹಿತ್ತಲಾಗ ಗ್ವಾಡಿ ಗೂಡಿನ್ಯಾಗ ಕೆಲಸದಾಕಿಗಂತ ಒಂದು ಸ್ಟೀಲ್ ಲೋಟ ಇಟ್ಟೀನಿ. ಮೂವತ್ತು ವರ್ಷ ಆತು. ಇಟ್ಟಾಕಿ ನಾನೇ, ಅವರಲ್ಲ. ಅತ್ತಿ ಇಡಂದ್ಲು, ಇಟ್ಟೆ. ಅತ್ತಿ ಸತ್ತಳು, ಲೋಟ ಅಲ್ಲೇ ಅದ. ಸುಳ್ಳ್ಯಾಕ ಹೇಳಲಿ?”

ಅಮೋಘಸಿದ್ದಪ್ಪ ಮೊದಲ ಸಲ ತಡವರಿಸಿದ. “ಮತ್ತ ಇನ್ನ ಮುಂದರಿ?”

“ಇನ್ನ ಮುಂದ ನನಗ ಹಿತ್ತಲಕ್ಕ ಹೋಗಾಕ ಮೊಣಕಾಲಿಲ್ಲ. ಬಂದಾಕಿ ತಾನೇ ಚಾ ಮಾಡ್ತಾಳ, ತಾನೇ ಹಾಕ್ಕೋತಾಳ. ಯಾವುದ್ರಾಗ ಕುಡೀತಾಳೋ ಆಕಿ ಖುಷಿ. ನನಗ ಬಚ್ಚಲಕ್ಕ ಒಯ್ಯಾಕ ಒಂದು ಕೈ ಬೇಕ್ರಿ. ಆರು ದಿನ ಆತು, ಗಂಡನ ಕೈ ಹಿಡಕೊಂಡು ಹೋಗಾಕತ್ತೀನಿ. ಅವರು ಬಾಗಲದಾಗ ನಿಂತು ಫೋನಿನ್ಯಾಗ ಜೋಳದ ರೇಟ್ ಮಾತಾಡ್ತಾರ.”

“ಕಳಿಸವ್ವಾ,” ಎಂದ ಅಮೋಘಸಿದ್ದಪ್ಪ ಗಜಾಲಾಳಿಗೆ.

ಗಜಾಲಾ ಮೀರಾಬಾಯಿಯನ್ನು ಕರೆಸಿದಳು. ಲೋಟದ ಸಂಗತಿ ಮುಚ್ಚಿಡದೆ ಹೇಳಿ, ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು ಎಂದಳು. ಮೀರಾಬಾಯಿ ಎಲೆ ಅಡಿಕೆ ಮೆಲ್ಲುತ್ತ ಯೋಚಿಸಿದಳು. “ಲೋಟ ಅವರದು, ಚಾ ಸೋಸೋ ಕೈ ನಂದು. ಹೋಗ್ತೀನಿ.”

ಎಂಟು ದಿನಕ್ಕೊಮ್ಮೆ ಹೋಗಿ ನೋಡಿಬರುವುದು ಆಫೀಸಿನ ಹೊಸ ನಿಯಮವಾಗಿತ್ತು. ಗಜಾಲಾ ಬಕ್ಕಪ್ಪನ ಮನೆ ಮೆಟ್ಟಿಲು ಹತ್ತಿದಾಗ ಅಂಗಡಿಗೆ ರಜೆ, ಅವನೂ ಸೋಫಾದಲ್ಲಿದ್ದ. ಅವಳನ್ನು ಕಂಡು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಕಸ್ತೂರಿಬಾಯಿ ಕುರ್ಚಿಯಲ್ಲಿ ಕೂತು, ಮೀರಾಬಾಯಿ ಹಾಕಿದ ಬಿಗಿ ಜಡೆಯನ್ನು ಭುಜದ ಮೇಲೆ ಬಿಟ್ಟುಕೊಂಡಿದ್ದಳು. ಆಪರೇಷನ್ ಆದವಳಂತೆ ಅಲ್ಲ, ತವರಿಗೆ ಬಂದವಳಂತೆ ಕಂಡಳು.

ಒಳಗಿಂದ ಮೀರಾಬಾಯಿ ತಟ್ಟೆಯಲ್ಲಿ ಚಹಾ ತಂದಳು. ಹೂವಿನ ಚಿತ್ತಾರದ ಕಪ್ಪು ಕಸ್ತೂರಿಬಾಯಿಗೆ. ಅಂಥದೇ ಇನ್ನೊಂದು ಗಜಾಲಾಳಿಗೆ. ಮೂರನೆಯದನ್ನು ತನಗೆಂದು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಇಟ್ಟುಕೊಂಡಳು. ನಾಲ್ಕನೆಯದು ಸ್ಟೀಲ್ ಲೋಟ, ತಳ ತಗ್ಗು ಬಿದ್ದದ್ದು, ಹುಣಸೆಹಣ್ಣು ಹಾಕಿ ತಿಕ್ಕಿ ಬೆಳ್ಳಗೆ ಮಾಡಿದ್ದು. ಅದನ್ನು ಪೇಪರಿನ ಕೆಳಗೆ ಬಕ್ಕಪ್ಪನ ಕೈಗೆ ಕೊಟ್ಟಳು.

ಪೇಪರು ಕೆಳಗಿಳಿಯಿತು. ಬಕ್ಕಪ್ಪ ಲೋಟ ನೋಡಿದ, ಹೆಂಡತಿಯನ್ನು ನೋಡಿದ.

“ಕಪ್ಪು ಮೂರೇ ಉಳದಾವ,” ಎಂದಳು ಕಸ್ತೂರಿಬಾಯಿ ಶಾಂತವಾಗಿ. “ಒಂದು ನನ್ನ ಕೈಯಾಗೇ ಒಡೀತು. ಕುಡೀರಿ, ಆರ್ತದ.”

ಆ ಲೋಟ ಯಾವುದೆಂದು ಗೊತ್ತಿಲ್ಲದಂತೆ ಅವನು ಕುಡಿಯಬಹುದಿತ್ತು. ಎದ್ದು ಹೋಗಲೂಬಹುದಿತ್ತು. ಎದುರಿಗೆ ಗಜಾಲಾ ಕಪ್ಪಿನ ಅಂಚಿನ ಮೇಲಿಂದ ನೋಡುತ್ತಿದ್ದಳು, ಮೀರಾಬಾಯಿ ಬಸಿ ತಟ್ಟೆಗೆ ಸುರಿದುಕೊಂಡು ಸೊರ್ ಎಂದು ಹೀರುತ್ತಿದ್ದಳು. ಬಕ್ಕಪ್ಪನ ಕಿವಿ ಕೆಂಪಾದವು. ಒಂದು ಗುಟುಕು ಕುಡಿದ. ಬಿಸಿ ಲೋಟ ಬೆರಳು ಸುಡಲು, ಅದನ್ನು ಧೋತರದ ತುದಿಯಲ್ಲಿ ಹಿಡಿದುಕೊಂಡ.

“ಇದು ಭಾಳ ಸುಡ್ತದಲ್ಲ,” ಎಂದ ಯಾರಿಗೋ ಹೇಳುವಂತೆ.

“ಹೌದ್ರಿ ಸೌಕಾರ,” ಎಂದಳು ಮೀರಾಬಾಯಿ. “ಮೊದಲಿಂದ ಸುಡ್ತದ.”

ಗಜಾಲಾ ನಗುವನ್ನು ಬಾಯೊಳಗೇ ಹಿಡಿದುಕೊಂಡು ಮೆಟ್ಟಿಲಿಳಿದು, ಓಣಿ ತಿರುಗಿದ ಮೇಲೆ ಗೋಡೆಗೆ ಆತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಫೋನಿನಲ್ಲಿ ಎಲ್ಲವನ್ನೂ ಕೇಳಿದ ಅಮೋಘಸಿದ್ದಪ್ಪ ನಗಲಿಲ್ಲ. “ಪೂರ್ತಿ ಕುಡದ ಏನು?” ಎಂದು ಕೇಳಿದ. ಪೂರ್ತಿ ಕುಡಿದ ಎಂದಳು. “ಹಂಗಾರ ಮೂರು ತಿಂಗಳು ನೋಡೋಣು. ಅಲ್ಲೀತನ ಅವನನ್ನ ಪರ್ಮನೆಂಟ್ ಮಾಡಬ್ಯಾಡ.”

ಮೀರಾಬಾಯಿ ಆ ಮನೆಯಲ್ಲಿ ನಿಂತಳು. ಬಕ್ಕಪ್ಪ ಮರುವಾರವೇ ಅರ್ಧ ಡಜನ್ ಹೊಸ ಕಪ್ಪು ತಂದ; ಏನೂ ಮಾತಾಡಲಿಲ್ಲ. ಭಾಷಣ ಬಿಟ್ಟನೆಂದು ಹೇಳಲಾಗದು, ಆದರೆ ದುಡಿಯುವ ಕೈಯ ಮಾತಿಗೆ ಬಂದಾಗ ಈಗ ಗಂಟಲು ಬಿಗಿಯುವುದಿಲ್ಲವಂತೆ, ಗಬಗಬನೆ ಓದಿ ದಾಟಿಬಿಡುತ್ತಾನಂತೆ. ಹುಮನಾಬಾದಿನಲ್ಲಿ ಅಮೋಘಸಿದ್ದಪ್ಪ ವಾಕರ್ ಹಿಡಿದು ಅಂಗಳದವರೆಗೆ ನಡೆಯತೊಡಗಿದ. ಪಕ್ಕದಲ್ಲಿ ವೈಜನಾಥ ಫೋನು ಹಿಡಿದುಕೊಂಡು ನಡೆಯುತ್ತಾನೆ, ಮುದುಕ ಹೆಜ್ಜೆಗೊಂದು ಪ್ರಶ್ನೆ ಕೇಳುತ್ತಾನೆ. ಮೊನ್ನೆ ಅವನು ಗಜಾಲಾಳಿಗೆ ಫೋನು ಮಾಡಿ, ಪಗಾರ ಹೆಚ್ಚು ಮಾಡದಿದ್ದರೆ ತನಗೆ ಬೇರೆ ಕಡೆಯಿಂದಲೂ ಕರೆ ಬರುತ್ತಿದೆ ಎಂದ. ಯಾರು ಕರೆದರು ಎಂದು ಗಜಾಲಾ ಗಾಬರಿಯಿಂದ ಕೇಳಿದಳು.

“ನನ್ನ ಮಗ,” ಎಂದ ಮುದುಕ. “ಅಂಗಡ್ಯಾಗ ಮಂದಿ ನಿಲ್ಲವಲ್ಲರು, ನೀ ಆರಿಸಿ ಕೊಡಪಾ ಅನ್ನಾಕತ್ತಾನ.”